ಚಿನ್ನಮ್ಮ ಬೀಗದ ಕೈ ಕೇಳಿದ್ದು

ದೂರ ಹೊರಟ ದಿನ ನೀರು ಕುಡಿಯಬಾರದು ಎಂಬುದು ಭದ್ರಾವತಿಯ ಚಿನ್ನಮ್ಮನ ನಿಯಮ. ಬೆಳಿಗ್ಗೆ ಅರ್ಧ ಲೋಟ ಕಾಫಿ, ಅಷ್ಟೇ. ಮತ್ತೆ ಗಂಟಲಿಗೆ ಹನಿ ಬೀಳುವುದು ಸಂಜೆ ಮನೆಯ ಹೊಸಿಲು ದಾಟಿದ ಮೇಲೆ. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಇದೇ ಕ್ರಮ. ಗಂಡಸರು ಕಂಡ ಕಂಡ ಬೇಲಿಯ ಪಕ್ಕ ನಿಂತು ಹಗುರಾಗುತ್ತಾರೆ. ಹೆಂಗಸರು ಎಲ್ಲಿಗೆ ಹೋಗಬೇಕು? ಐವತ್ತೆಂಟು ವರ್ಷದಲ್ಲಿ ಚಿನ್ನಮ್ಮ ಈ ಪ್ರಶ್ನೆಯನ್ನು ಯಾರಿಗೂ ಹಾಕಿರಲಿಲ್ಲ, ನೀರನ್ನೇ ಬಿಟ್ಟಿದ್ದಳು. ಅದೇ ಜಾಣತನವೆಂದುಕೊಂಡು ಸೊಸೆಗೂ ಕಲಿಸಿದಳು, ಹನ್ನೊಂದು ವರ್ಷದ ಮೊಮ್ಮಗಳು ಇಂಪನಾಳಿಗೂ ಕಲಿಸಿದಳು.

ಏಪ್ರಿಲ್ ಕೊನೆಯ ಭಾನುವಾರ ಅವಳ ಮಹಿಳಾ ಸಂಘದವರು ಶಿವಮೊಗ್ಗದಾಚೆಯ ಒಂದು ಅರಣ್ಯ ಉದ್ಯಾನಕ್ಕೆ ಹೊರಟರು. ಕಾಡಿನೊಳಗೆ ನಾಲ್ಕು ಕಿಲೋಮೀಟರು ನಡೆದು ವೀಕ್ಷಣಾ ಗೋಪುರ ಹತ್ತುವುದು, ಬುತ್ತಿ ಉಂಡು ಇಳಿಯುವುದು. ಇಂಪನಾಳೂ ಅಜ್ಜಿಯ ಜೊತೆ ಬಂದಳು. ಟೆಂಪೋ ಮಲವಗೊಪ್ಪ ದಾಟುವಾಗ ಆಶಾ ಕಾರ್ಯಕರ್ತೆ ತನುಜಾ ಎಲ್ಲರಿಗೂ ಕುಡಿಯಲೆಂದು ನೀರಿನ ಬಾಟಲಿ ಕೊಟ್ಟಳು. ಅದು ಹನ್ನೆರಡು ಜನರ ಕೈ ದಾಟಿ, ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು. ಇಂಪನಾ ಮುಚ್ಚಳಕ್ಕೆ ಕೈ ಹಾಕಿದಾಗ ಚಿನ್ನಮ್ಮ ಮೊಣಕೈಯಿಂದ ತಿವಿದಿದ್ದಳು.

“ಯಾರಿಗೂ ಬಾಯಾರಿಕೆ ಇಲ್ವಾ?” ಎಂದಳು ತನುಜಾ.

“ನೀನು ಸಣ್ಣವಳು ಮಾರಾಯ್ತಿ, ನಿಂಗೆ ಗೊತ್ತಾಗಲ್ಲ,” ಎಂದಳು ಚಿನ್ನಮ್ಮ. “ಕುಡಿದ್ರೆ ಹೋಗ್ಬೇಕು. ಹೋಗೋಕೆ ಜಾಗ ಎಲ್ಲಿದೆ? ನಲವತ್ತು ವರ್ಷದಿಂದ ಹೀಗೇ ಇದೀನಿ, ಏನಾಗಿದೆ ನಂಗೆ?”

“ವರ್ಷಕ್ಕೆ ಮೂರು ಸಲ ಉರಿಮೂತ್ರ ಅಂತ ನನ್ನ ಹತ್ರ ಬರ್ತೀರಲ್ಲ, ಅದೇನು?”

“ಅದು ಉಷ್ಣ. ಜೀರಿಗೆ ಕಷಾಯ ಕುಡಿದ್ರೆ ಹೋಗುತ್ತೆ.”

“ಉಷ್ಣ ಅಲ್ಲ ಚಿನ್ನಮ್ಮ, ಸೋಂಕು. ನೀರು ಕುಡೀದೆ, ಬಂದಿದ್ದನ್ನ ತಡ್ಕೊಂಡು ಕೂತ್ರೆ ಬರುತ್ತೆ. ಇವತ್ತು ಬಿಸಿಲು ಬೇರೆ ಹೆಂಗಿದೆ ನೋಡಿ.”

“ಕಾಡಲ್ವಾ, ತಂಪಾಗಿರುತ್ತೆ ಬಿಡು.”

ಕಾಡು ತಂಪಾಗಿರಲಿಲ್ಲ. ತೇಗದ ಮರಗಳು ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ನೆತ್ತಿಯ ಮೇಲೆ ಬಿಸಿಲು, ಕಾಲಡಿ ಕಾದ ತರಗೆಲೆ. ಅರ್ಧ ದಾರಿ ಕಳೆಯುವಷ್ಟರಲ್ಲಿ ಹೆಂಗಸರ ಹರಟೆ ನಿಂತುಹೋಯಿತು. ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಇಂಪನಾ ಹಿಂದೆ ಬಿದ್ದಳು. ತಲೆನೋವು ಎಂದಳು, ಹೊಟ್ಟೆ ತೊಳೆಸುತ್ತಿದೆ ಎಂದಳು.

“ಗೋಪುರ ಬಂತು, ನಡಿ,” ಎಂದು ಚಿನ್ನಮ್ಮ ಅವಳ ಕೈ ಹಿಡಿದು ಎಳೆದಳು. ನಾಲ್ಕು ಹೆಜ್ಜೆಗೆ ಆ ಕೈ ಜಾರಿತು. ಮಗು ತರಗೆಲೆಯ ಮೇಲೆ ಕುಸಿದು ಬಿತ್ತು, ಕರೆದರೆ ಓಗೊಡಲಿಲ್ಲ.

ಚಿನ್ನಮ್ಮನಿಗೆ ಜೀವವೇ ಬಾಯಿಗೆ ಬಂತು. ಬಾಟಲಿ ಕಿತ್ತುಕೊಂಡು ಮಗುವಿನ ಬಾಯಿಗೆ ಸುರಿಯಲು ಹೋದಳು. ತನುಜಾ ಕೈ ತಡೆದಳು.

“ಎಚ್ಚರ ಇಲ್ಲದೋರ ಬಾಯಿಗೆ ನೀರು ಹಾಕ್ಬಾರ್ದು, ಶ್ವಾಸಕ್ಕೆ ಹೋಗುತ್ತೆ. ಮೊದ್ಲು ನೆರಳಿಗೆ ಎತ್ಕೊಳ್ಳಿ. ಯಾರಾದ್ರೂ ನೂರಾ ಎಂಟಕ್ಕೆ ಫೋನ್ ಮಾಡಿ.”

ಬಿದಿರು ಮೆಳೆಯ ನೆರಳಲ್ಲಿ ಮಲಗಿಸಿದರು. ತನುಜಾ ಮಗುವಿನ ಬಟ್ಟೆ ಸಡಿಲಿಸಿ, ಕಾಲಡಿ ಬುತ್ತಿಯ ಚೀಲ ಇಟ್ಟು ಎತ್ತರ ಮಾಡಿದಳು. ತನ್ನ ವೇಲನ್ನು ಒದ್ದೆ ಮಾಡಿ ಕುತ್ತಿಗೆ, ಕಂಕುಳು ಒರೆಸಿದಳು. ಉಳಿದವರು ಸೆರಗಿನಲ್ಲಿ ಗಾಳಿ ಬೀಸಿದರು. ಸ್ವಲ್ಪ ಹೊತ್ತಿಗೆ ಇಂಪನಾ ಕಣ್ಣು ಬಿಟ್ಟಳು. ಮಾತಾಡುವಷ್ಟು ಎಚ್ಚರವಾದ ಮೇಲೆ ತನುಜಾ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್ ಕಲಸಿ, ಗುಟುಕು ಗುಟುಕಾಗಿ ಕುಡಿಸಿದಳು.

“ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದೆ ಪುಟ್ಟಿ?”

“ಕುಡ್ದಿಲ್ಲ. ಸ್ಕೂಲಲ್ಲೂ ಕುಡಿಯಲ್ಲ ಆಂಟಿ. ಒಳ್ಳೆ ಹುಡುಗೀರು ತಡ್ಕೋತಾರೆ ಅಂತ ಅಜ್ಜಿ ಹೇಳಿದಾರೆ.”

ಚಿನ್ನಮ್ಮ ತಲೆ ತಗ್ಗಿಸಿದಳು. ಮುದ್ದಿನ ಮೊಮ್ಮಗಳನ್ನು ತನ್ನ ಕೈಯಾರೆ ಒಣಗಿಸಿದ್ದಳು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗುವಷ್ಟು ಸಿಟ್ಟು ಬಂತು.

ಸರದಿಯ ಮೇಲೆ ಮಗುವನ್ನು ಎತ್ತಿಕೊಂಡು ಗೇಟಿಗೆ ಬಂದರು. ಆಂಬುಲೆನ್ಸಿನ ನರ್ಸ್ ಪರೀಕ್ಷೆ ಮಾಡಿ, ಅಪಾಯವಿಲ್ಲ, ಆದರೂ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸೋಣ ಎಂದ. ಅಷ್ಟರಲ್ಲಿ ಇಂಪನಾ ಅಜ್ಜಿಯ ಸೆರಗು ಎಳೆದು, ಒಂದಕ್ಕೆ ಹೋಗಬೇಕು ಎಂದಳು. “ಮನೆಗೆ ಹೋದ್ಮೇಲೆ” ಎಂಬ ಮಾತು ಚಿನ್ನಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಟಿಕೆಟ್ ಕೌಂಟರಿನ ಹಿಂದೆ ಮಹಿಳೆಯರ ಶೌಚಾಲಯವಿತ್ತು. ಗೋಡೆಯ ಮೇಲೆ ಸೀರೆಯುಟ್ಟ ಹೆಂಗಸಿನ ಚಿತ್ರ, ಬಾಗಿಲಿಗೆ ಮುಷ್ಟಿಯಷ್ಟು ದೊಡ್ಡ ಬೀಗ.

“ಅದು ಕ್ಲೋಸ್ ಅಮ್ಮ,” ಎಂದ ಟಿಕೆಟ್ ಕೊಡುವ ಪ್ರಸನ್ನಕುಮಾರ್. “ಒಳಗೆ ಪೈಪು, ಪೇಂಟ್ ಡಬ್ಬ ಇಟ್ಟಿದೀವಿ.”

“ಗಂಡಸರದ್ದು?”

“ಅದು ಓಪನ್ ಇದೆ.”

“ಟಿಕೆಟಿಗೆ ಹೆಂಗಸರ ಹತ್ರ ಅರ್ಧ ದುಡ್ಡು ತಗೊಂಡ್ಯೇನಪ್ಪ?”

ಅವನು ಮುಖ ಸಣ್ಣದು ಮಾಡಿಕೊಂಡ. “ಹಾಗಲ್ಲಮ್ಮ. ನಾನು ಬಂದು ಎರಡು ವರ್ಷ ಆಯ್ತು. ಇಲ್ಲೀತನಕ ಒಬ್ರೂ ಬೀಗದ ಕೈ ಕೇಳಿಲ್ಲ.”

ಚಿನ್ನಮ್ಮನ ಮೈಯೆಲ್ಲ ಉರಿದುಹೋಯಿತು. ಹೆಂಗಸರು ಬಾಯಿ ಒಣಗಿಸಿಕೊಂಡು ನಡೆಯುತ್ತಾರೆ, ಅವರ ಜಾಗದಲ್ಲಿ ಪೇಂಟ್ ಡಬ್ಬ ತಣ್ಣಗೆ ಕೂತಿರುತ್ತದೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೆಳಿಗ್ಗೆ ಇದೇ ಗೇಟಿನಲ್ಲಿ ಹಾದುಹೋಗುವಾಗ ತಾನೂ ಕೇಳಿರಲಿಲ್ಲ.

“ಈಗ ನಾನು ಕೇಳ್ತಾ ಇದೀನಿ. ತೆಗಿ,” ಎಂದಳು.

“ಸಾಹೇಬ್ರನ್ನ ಒಂದು ಮಾತು ಕೇಳಿ...”

“ನಿಧಾನವಾಗಿ ಕೇಳು. ಮೊದ್ಲು ಬೀಗದ ಕೈ ಇಡು. ಮಗು ನಿಂತಿದೆ.”

ಹನ್ನೆರಡು ಹೆಂಗಸರೂ ಕೌಂಟರಿನ ಮುಂದೆ ಬಂದು ನಿಂತರು. ಬೀಗದ ಕೈ ಬಂತು. ಪೈಪನ್ನೂ ಡಬ್ಬಗಳನ್ನೂ ಹೊರಗೆ ತಂದು ಪ್ರಸನ್ನಕುಮಾರನ ಕುರ್ಚಿಯ ಸುತ್ತ ಪೇರಿಸಿದರು, ಒಬ್ಬಳು ನೀರು ಹೊಯ್ದು ತೊಳೆದಳು. ಇಂಪನಾ ಒಳಗೆ ಹೋದಳು. ಬಾಗಿಲು ಕಾಯುತ್ತಾ ನಿಂತ ಚಿನ್ನಮ್ಮ ತನುಜಾಳಿಂದ ನೀರು ಇಸಿದುಕೊಂಡು ಕುಡಿದಳು. ಆಮೇಲೆ ದೂರು ಪುಸ್ತಕ ಕೇಳಿ ಬರೆದು, ಎಲ್ಲರ ಸಹಿ ಹಾಕಿಸಿ, ಮೊಮ್ಮಗಳ ಜೊತೆ ಆಂಬುಲೆನ್ಸ್ ಹತ್ತಿದಳು.

ಮರುದಿನ ಮಗ ಕಾಂತರಾಜ್, “ರಜ ಶುರುವಾಗಿದೆ, ಸ್ಕೂಲಿಗ್ಯಾಕಮ್ಮ ಹೊರಟೆ?” ಎಂದ.

“ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಸರಿ ಇದೆಯಾ ನೋಡ್ಬೇಕು. ನೀನೂ ಬಾ. ಸರಿ ಇಲ್ದಿದ್ರೆ ಹೆಡ್‌ಮಾಸ್ಟರ್ ಹತ್ರ ನೀನೇ ಮಾತಾಡ್ಬೇಕು.”

ಕಾಂತರಾಜ್ ಚಪ್ಪಲಿ ಮೆಟ್ಟಿದ.

ಓದುತ್ತಿರುವ ಅಕ್ಕಂದಿರೇ, ಬೇಸಿಗೆಯಲ್ಲಿ ಹೊರಗೆ ಹೊರಟಾಗ ಬಾಯಾರುವ ಮೊದಲೇ ನೀರು ಕುಡಿಯಿರಿ, ಮಕ್ಕಳಿಗೂ ಕುಡಿಸಿ. ಮೂತ್ರ ಗಾಢ ಹಳದಿಯಾದರೆ ದೇಹಕ್ಕೆ ನೀರು ಸಾಲುತ್ತಿಲ್ಲ ಎಂದು ತಿಳಿಯಿರಿ. ಚೀಲದಲ್ಲಿ ಒಂದು ಓಆರ್‌ಎಸ್ ಪ್ಯಾಕೆಟ್ ಇರಲಿ. ಯಾರಾದರೂ ಎಚ್ಚರ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೋದ ಜಾಗದಲ್ಲಿ ಶೌಚಾಲಯಕ್ಕೆ ಬೀಗ ಕಂಡರೆ ನಾಚಿಕೊಂಡು ತಿರುಗಬೇಡಿ. ಒಬ್ಬರೇ ಕೇಳಲು ಅಂಜಿಕೆಯಾದರೆ ನಾಲ್ವರು ಸೇರಿ ಕೇಳಿ. ನಿಮ್ಮ ಮನೆಯ ಹುಡುಗಿ ಇವತ್ತು ಎಷ್ಟು ನೀರು ಕುಡಿದಿದ್ದಾಳೆ? ಈ ಹಾಳೆ ಕೆಳಗಿಟ್ಟು, ಈಗಲೇ ಅವಳನ್ನು ಕರೆದು ಕೇಳಿ.