ಬಾವಿಯಲ್ಲಿ ಮೊಟ್ಟೆಯಿಡಲು ಜಾಗವಿರಲಿಲ್ಲ

ನಾನು ಒಂದು ನೀರಾಮೆ. ಶಿರಾ ಸೀಮೆಯ ಸಣ್ಣದೊಂದು ಕೆರೆಯ ದಂಡೆಯಲ್ಲಿ ಹುಟ್ಟಿದೆ. ಬೇಸಿಗೆಯಿಡೀ ಗಟ್ಟಿಯಾಗಿದ್ದ ನೆಲ ಮುಂಗಾರಿನ ಮೊದಲ ಹದಮಳೆಗೆ ಮೆತ್ತಗಾದಾಗ ಮೊಟ್ಟೆಯೊಡೆದು ಹೊರಗೆ ಬಂದೆ. ಆಗ ಒಂದು ಪುಟ್ಟ ನಿಪ್ಪಟ್ಟಿನಷ್ಟಿದ್ದೆ. ನನ್ನ ಬೆನ್ನು ಮೆತ್ತನೆಯ ಚರ್ಮದ್ದು. ಹಿಂಗಾಲುಗಳನ್ನು ಒಳಗೆಳೆದುಕೊಂಡರೆ ಚರ್ಮದ ಎರಡು ಮಡಿಕೆಗಳು ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಕಪ್ಪೆಮರಿ, ಹುಳ, ಪಾಚಿ ತಿಂದು ಬೆಳೆದೆ. ನಾಲ್ಕನೆಯ ವರ್ಷ ಒಂದು ಗಂಡಾಮೆಯ ಜೊತೆಗೂಡಿದೆ.

ಆ ಬೇಸಿಗೆಯಲ್ಲಿ ಕೆರೆ ಬತ್ತಿತು. ನಾನು ಕೆಸರಿನೊಳಗೆ ಹುದುಗಿ ಮಲಗಿದ್ದೆ. ಮೀನು ಹಿಡಿಯಲು ಬಂದ ಕರಿಯಣ್ಣನ ಕೈಗೆ ಸಿಕ್ಕಿದೆ. ಅವನು ನನ್ನನ್ನು ಮನೆಗೆ ಒಯ್ದಾಗ ಅವನ ತಾಯಿ ಹನುಮಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು.

"ಬಾವಿಗೆ ಬಿಡೋ ಕರಿಯ. ಹುಳಹುಪ್ಪಟೆ ತಿಂದ್ಕಂಡು ನೀರು ಚೊಕ್ಕ ಇಟ್ಕತೈತೆ" ಅಂದಳು.

ಹಗ್ಗ ಕಟ್ಟಿದ ಬುಟ್ಟಿಯಲ್ಲಿ ನಾನು ಬಾವಿಗಿಳಿದೆ. ಸುತ್ತಲೂ ನೆಟ್ಟಗೆ ಕಲ್ಲಿನ ಗೋಡೆ. ಮೆಟ್ಟಿಲಿಲ್ಲ. ಮೈಯೊಣಗಿಸಿಕೊಳ್ಳಲು ಗೋಡೆಯಿಂದ ಚಾಚಿದ ಒಂದೇ ಒಂದು ಕಲ್ಲು. ಹನುಮಕ್ಕ ದಿನಾ ಮಧ್ಯಾಹ್ನ ಒಂದು ಹಿಡಿ ಅನ್ನ ಹಾಕಿ ಮೇಲಿನಿಂದ ಬಗ್ಗಿ, "ಗಂಗೀ, ಉಂಡ್ಯಾ?" ಎಂದು ಕೇಳುವಳು. ಹೊಟ್ಟೆಗೆ ಕಡಿಮೆಯಿರಲಿಲ್ಲ. ಆ ಮಾತನ್ನು ನಾನು ಮರೆಯಬಾರದು.

ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಮೊಟ್ಟೆಗಳು ತುಂಬಿದವು. ಗಂಡಿನ ಬೀಜವನ್ನು ವರ್ಷಗಟ್ಟಲೆ ಒಳಗೇ ಕಾಪಾಡಿಕೊಳ್ಳುವ ಶಕ್ತಿ ನಮಗಿದೆ. ಬಾವಿಯಲ್ಲಿ ಬಗೆಯಲು ಮಣ್ಣೆಲ್ಲಿದೆ? ತಾಳಿಕೊಳ್ಳುವಷ್ಟು ತಾಳಿಕೊಂಡು ಕೊನೆಗೆ ನೀರಿನಲ್ಲೇ ಬಿಟ್ಟೆ. ಅವು ತಳಕ್ಕಿಳಿದು ಕೊಳೆತವು. ನೀರು ನಾರಿತು.

ಮರುವರ್ಷ ದೀಪಾವಳಿ ಕಳೆದ ಮೇಲೆ ಮತ್ತೆ ಅದೇ ಸಂಕಟ. ಎರಡು ದಿನ ಕಲ್ಲಿನ ಗೋಡೆಯನ್ನು ಕೆರೆದೆ. ಉಗುರುಗಳು ಸವೆದವು. ಒಂದು ಮೊಟ್ಟೆ ಜಾರಿ ಕಲ್ಲಿನ ಅಂಚಿನಲ್ಲಿ ನಿಂತಿತು. ಕರಿಯಣ್ಣ ಈ ಸಲ ನೀರು ನಾರುವ ಮುಂಚೆಯೇ ಬಾವಿಗೆ ಸುರಿಯಲು ಬ್ಲೀಚಿಂಗ್ ಪೌಡರ್ ತಂದಿದ್ದ. ಅದು ಬಿದ್ದಿದ್ದರೆ ನಾನು ಉಳಿಯುತ್ತಿರಲಿಲ್ಲ.

ಅವನ ಹೆಂಡತಿ ಸಣ್ಣೀರಮ್ಮ ನೀರು ಸೇದಲು ಬಂದವಳು ಬಗ್ಗಿ ನೋಡಿದಳು. ಆಕೆ ಹತ್ತಾರು ಕೋಳಿ ಸಾಕಿದವಳು.

"ಅತ್ತೆ, ಬನ್ನಿ ಇಲ್ಲಿ. ಗಂಗಿಗೆ ಮೊಟ್ಟೆ ಬಂದೈತೆ."

"ನೀರಾಗಿರೋದು ನೀರಾಗೇ ಇಡ್ತದೆ ಕಣೆ. ಅದಕ್ಕೇನೀಗ?"

"ಇಲ್ಲ ಅತ್ತೆ. ನೆನ್ನೆಯಿಂದ ಗೋಡೆ ಕೆರೀತೈತೆ. ಮೊಟ್ಟೆಗೆ ಬಂದ ಕೋಳಿನೂ ಹಿಂಗೇ ಅಲ್ವಾ ಮೂಲೆಮೂಲೆ ಸುತ್ತೋದು? ಇದಕ್ಕೆ ನೆಲ ಬೇಕು."

ಕರಿಯಣ್ಣ ನಕ್ಕ. "ನೋಡವ್ವ, ನಿನ್ನ ಸೊಸೆ ಆಮೆಗೆ ಬಾಣಂತನ ಮಾಡಾಕೆ ಹೊಂಟವ್ಳೆ."

ಸಣ್ಣೀರಮ್ಮ ಬುಟ್ಟಿಯಲ್ಲಿ ಅನ್ನ ಹಾಕಿ ಇಳಿಬಿಟ್ಟಳು. ಅನ್ನದ ವಾಸನೆಗೆ ನಾನು ಹತ್ತಿ ಕುಳಿತೆ. ಮೇಲಕ್ಕೆ ಬರುತ್ತ ಬರುತ್ತ ಬಿಸಿಲು ಬೆನ್ನಿಗೆ ತಾಗಿತು. ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ನನ್ನನ್ನು ಇಳಿಸಿದಳು. ಹಿಂಗಾಲುಗಳಿಂದ ಒಂದಾದ ಮೇಲೊಂದರಂತೆ ಮಣ್ಣು ಬಗೆದೆ. ಒಂಬತ್ತು ಮೊಟ್ಟೆ ಇಟ್ಟೆ. ಗೋಲಿಗಿಂತ ದೊಡ್ಡವು, ಗುಂಡಗೆ, ಬೆಳ್ಳಗೆ. ಮಣ್ಣು ಮುಚ್ಚಿ ಹೊಟ್ಟೆಯಿಂದ ತಟ್ಟಿದೆ. ಅಷ್ಟು ಹೊತ್ತೂ ಹನುಮಕ್ಕ ಕುಕ್ಕರುಗಾಲಲ್ಲಿ ಕುಳಿತು ನೋಡುತ್ತಿದ್ದಳು.

"ನನಗೆ ಗೊತ್ತಾಗಲಿಲ್ಲ ಕಣೆ ಸಣ್ಣೀರಿ" ಅಂದಳು. "ಬಸುರಿನಾ ಕಲ್ಲೊಳಗೆ ಹಾಕಿ ಅನ್ನ ಇಕ್ಕಿದೆನಲ್ಲ. ಕರಿಯ, ಇದನ್ನ ಕೆರೆಗೆ ಬಿಟ್ಟು ಬಾ."

"ಬಾವಿ ಗತಿ?"

"ಬಟ್ಟೆಗೆ ಸೋಸ್ಕಂಡು ಕುಡಿಯಾನ."

ಕೆರೆ ತುಂಬಿತ್ತು. ಏರಿಯ ಮೇಲೆ ಮೊದಲ ಬಾರಿ ಒಂದು ನಕ್ಷತ್ರ ಆಮೆಯನ್ನು ಕಂಡೆ. ಅದಕ್ಕೆ ನೀರಿನ ಹಂಗಿಲ್ಲ, ಚಿಪ್ಪು ಕಲ್ಲಿನಷ್ಟು ಗಟ್ಟಿ. ಒಣನೆಲಕ್ಕೆ ತಾನೇ ಮೂತ್ರ ಹಾಕಿ ನೆನೆಸಿ, ಗುಂಡಿ ತೋಡಿ, ನಾಲ್ಕೇ ಮೊಟ್ಟೆಯಿಟ್ಟಿತು. ಒಬ್ಬೊಬ್ಬರದು ಒಂದೊಂದು ಬಗೆ. ಆದರೂ ನೆಲ ಮಾತ್ರ ಎಲ್ಲರಿಗೂ ಬೇಕು.

ಸಣ್ಣೀರಮ್ಮ ಬಟ್ಟೆ ಒಗೆಯಲು ಬಂದಾಗಲೆಲ್ಲ ಅನ್ನ ಎಸೆಯುತ್ತಿದ್ದಳು. ನಾನು ಒಗೆಯುವ ಕಲ್ಲಿನ ಬಳಿ ತಲೆಯೆತ್ತುತ್ತಿದ್ದೆ. ಹಿತ್ತಲ ಸುದ್ದಿಯನ್ನು ಅವಳೇ ಹೇಳುತ್ತಿದ್ದಳು. ಮೊಟ್ಟೆಯ ಮೇಲೆ ಕೋಳಿ ಮುಚ್ಚುವ ಮಂಕರಿ ಕವುಚಿ ಕಲ್ಲು ಹೇರಿದ್ದಳಂತೆ. ಕೋಳಿಯ ಲೆಕ್ಕದಲ್ಲಿ ಇಪ್ಪತ್ತೊಂದು ದಿನ ಕಾದಳು. ಏನೂ ಆಗಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು.

"ಕೆಟ್ಟುಹೋದವೇನೋ ಗಂಗಿ" ಎಂದು ಒಂದು ದಿನ ಬಟ್ಟೆ ಹಿಂಡುತ್ತ ಹೇಳಿದಳು. "ಇವರು ಅಲ್ಲಿ ಬದನೆ ಸಸಿ ನೆಡ್ತೀನಿ ಅಂತ ಗುದ್ದಲಿ ತಗಂಡ್ರು. ನಾನೂ ಹೂಂ ಅಂದೆ. ಅತ್ತೆ ಬಿಡಲಿಲ್ಲ. ಮಂಕರಿ ಮೇಲೇ ಕೂತ್ಕಂಡ್ರು. ಕೋಳಿ ಲೆಕ್ಕ ಕೋಳಿಗೆ, ಇದರ ಲೆಕ್ಕ ಇದಕ್ಕೇ ಗೊತ್ತು ಅಂದ್ರು."

ನಮ್ಮ ಲೆಕ್ಕ ಮಳೆಯದು. ನೆಲದೊಳಗೆ ನಮ್ಮ ಮರಿಗಳು ಬೆಳವಣಿಗೆಯನ್ನೇ ತಡೆಹಿಡಿದು ಒಣಗಾಲವನ್ನು ದಾಟುತ್ತವೆ. ಅದನ್ನು ಹೇಳಲು ನನಗೆ ಬಾಯಿಲ್ಲ. ಗೊತ್ತಿಲ್ಲದೆಯೂ ಆ ಮುದುಕಿ ಕಾದಳು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಹನುಮಕ್ಕ ತಾನೇ ಕೆರೆಗೆ ಬಂದಳು. ಸೊಸೆ ಒಂದು ರಟ್ಟೆ ಹಿಡಿದಿದ್ದಳು. ಮುದುಕಿಯ ಇನ್ನೊಂದು ಕೈಯಲ್ಲಿ ಬೋಗುಣಿ.

"ಗಂಗೀ, ತಗಾ. ಎರಡು ಕೆಟ್ಟವೆ. ಏಳು ಮರಿ ತಂದಿವ್ನಿ."

ಬೋಗುಣಿಯನ್ನು ನೀರಿಗೆ ಬಾಗಿಸಿದಳು. ಏಳೂ ಒಂದರ ಹಿಂದೊಂದು ಜಾರಿ, ನನ್ನ ಮೂಗಿನ ಮುಂದೆಯೇ ಹಾದು, ಜೊಂಡಿನೊಳಗೆ ನುಗ್ಗಿದವು. ಒಂದೂ ನನ್ನ ಕಡೆ ತಿರುಗಲಿಲ್ಲ. ಹನುಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ನನಗೆ ವಯಸ್ಸಾಗಿದೆ. ಜೊಂಡಿನ ಬುಡದ ಕೆಸರಿನಲ್ಲಿ ಹೆಚ್ಚು ಹೊತ್ತು ಮಲಗಿರುತ್ತೇನೆ. ಆಮೇಲೂ ವರ್ಷ ವರ್ಷ ದಂಡೆ ಹತ್ತಿ ಮೊಟ್ಟೆಯಿಟ್ಟಿದ್ದೇನೆ. ಅವು ಒಡೆದವೋ ಮುಂಗುಸಿಯ ಪಾಲಾದವೋ ತಿಳಿಯದು. ಇಟ್ಟು ಮುಚ್ಚಿ ಬರುವುದಷ್ಟೇ ನಮ್ಮ ಕೆಲಸ. ಹೆತ್ತವಳು ಮಕ್ಕಳ ಮುಖ ನೋಡುವ ಪದ್ಧತಿ ಆಮೆಗಳಲ್ಲಿಲ್ಲ.

ನಾನು ಏಳು ಮಕ್ಕಳ ಮುಖ ನೋಡಿದೆ.