ಅರ್ಧ ಗೊಟ್ಟ

ಅಂಕಲಗಿಯ ಕುರುಬರ ಓಣಿಯಲ್ಲಿ ಮಾಯವ್ವನಷ್ಟು ಸಣ್ಣಗೆ ಉಣ್ಣೆ ನೂಲುವವರು ಇನ್ನೊಬ್ಬರಿರಲಿಲ್ಲ. ದೀಪಾವಳಿ ಕಳೆದ ಮೇಲೆ ಅವಳ ಕೈಯಲ್ಲಿ ನೂಲು ಪದೇ ಪದೇ ಹರಿದು ತುಂಡಾಗತೊಡಗಿತು. ಒಂದು ಎಳೆ ಎರಡಾಗಿ ಕಾಣುತ್ತದೆ ಎನ್ನುತ್ತಿದ್ದಳು. ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು, ಮಾತು ತೊದಲುತ್ತಿತ್ತು. ಹತ್ತು ವರ್ಷದ ಹಿಂದೆ ಅವಳಿಗೆ ಫಿಟ್ಸ್ ಬರುತ್ತಿತ್ತು. ಗುಳಿಗೆ ಶುರುವಾದ ಮೇಲೆ ಒಮ್ಮೆಯೂ ಬಿದ್ದವಳಲ್ಲ. ಇದು ಫಿಟ್ಸ್ ಅಲ್ಲವೆಂದು ಗಂಡ ಮಾಲಿಂಗಪ್ಪನಿಗೆ ಗೊತ್ತಾಗಿತ್ತು. ಮತ್ತೇನೆಂಬುದು ಗೊತ್ತಾಗಲಿಲ್ಲ.

ಮಗ ಸಿದ್ರಾಯ ತಾಯಿಯನ್ನು ಘಟಪ್ರಭಾಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಡಾಕ್ಟರ್ ನಂದಿನಿ ರಕ್ತ ಪರೀಕ್ಷೆಗೆ ಕಳಿಸಿದರು. ಮೂರನೆಯ ದಿನ ಅವರೇ ಫೋನ್ ಮಾಡಿದರು. ಫಿಟ್ಸಿನ ಔಷಧ ರಕ್ತದಲ್ಲಿ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಾಗಿದೆ, ಇವತ್ತು ಗುಳಿಗೆ ಕೊಡಬೇಡಿ, ನಾಳೆ ಮುಂಜಾನೆ ಕರೆದುಕೊಂಡು ಬನ್ನಿ ಎಂದರು.

ಗುಳಿಗೆ ಕೊಡುವವಳು ಸೊಸೆ ಅರ್ಚನಾ. ಮದುವೆಯಾಗಿ ಬಂದ ನಾಲ್ಕು ವರ್ಷದಿಂದ ಗೋಡೆಯ ಮಾಡದೊಳಗಿನ ಗುಳಿಗೆ ಡಬ್ಬಿ ಅವಳ ಸುಪರ್ದಿಯಲ್ಲೇ ಇತ್ತು. ಎರಡೆರಡು ಕೊಟ್ಟೆಯೇನು ಎಂದು ಸಿದ್ರಾಯ ಕೇಳಿದ.

“ದಿನಕ್ಕ ಒಂದ ಕೊಟ್ಟೇನ್ರಿ,” ಎಂದಳು ಅರ್ಚನಾ.

“ಹಂಗಾರ ರಕ್ತದಾಗ ತಾನ ಮರಿ ಹಾಕಿತೇನ?”

ಸಿದ್ರಾಯ ಡಬ್ಬಿಯನ್ನು ಒಯ್ದು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ. ಅರ್ಚನಾ ಅಳಲಿಲ್ಲ. ನಾಳೆ ಮೂಡಲಗಿಗೆ, ತವರಿಗೆ ಹೋಗುತ್ತೇನೆಂದು ಮಾವನಿಗಷ್ಟೇ ಹೇಳಿ, ಕುರಿಹಟ್ಟಿ ಕಸ ಹೊಡೆಯಲು ಹೋದಳು. ಮಧ್ಯಾಹ್ನ ಉಣ್ಣಲಿಲ್ಲ.

ಮಾಲಿಂಗಪ್ಪನಿಗೆ ಆ ಹುಡುಗಿ ಸುಳ್ಳು ಹೇಳುವವಳಲ್ಲ ಎಂದು ಗೊತ್ತು. ದಿನಾ ಗುಳಿಗೆ ನುಂಗುವಾಗ ಅವನೂ ಎದುರಿಗೇ ಇರುತ್ತಿದ್ದ. ಆದರೆ ಹೆಚ್ಚಿನ ಔಷಧ ಎಲ್ಲಿಂದ ಬಂತು ಎಂದು ಸಂಜೆಯವರೆಗೂ ತಲೆ ಕೆಡಿಸಿಕೊಂಡ.

ಸಂಜೆ ಒಂದು ಕುರಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಮಾಲಿಂಗಪ್ಪ ಬೇರಿನ ಕಷಾಯ ಮಾಡಿ, ಕರಿಮೆಣಸು ಕುಟ್ಟಿ ಕೂಡಿಸಿ, ಕುರಿಗಳ ಬಾಯಿಗೆ ಔಷಧ ಹೊಯ್ಯಲು ಗೋಡೆಗೆ ನೇತುಹಾಕಿದ್ದ ಬಿದಿರಿನ ಗೊಟ್ಟ ತೆಗೆದುಕೊಂಡ. ಕಷಾಯ ಹಾಕುತ್ತ ಹಾಕುತ್ತ ಗೊಟ್ಟ ಅರ್ಧ ತುಂಬಿದ್ದೇ ಕೈ ತಾನಾಗಿ ನಿಂತಿತು. ಅವನು ಆ ಕೈಯನ್ನೇ ನೋಡಿದ.

ಅವನಿಗೆ ಹದಿನಾರು ವರ್ಷವಿದ್ದಾಗ ಕುರಿ ಹೊಡೆದುಕೊಂಡು ಹುಕ್ಕೇರಿ ಕಡೆಗೆ ಹೋಗಿದ್ದರು. ಯಮಕನಮರಡಿಯ ಹತ್ತಿರ ಒಂದು ಟಗರಿಗೆ ಅವನು ಮೆಣಸು ಕೂಡಿಸಿದ ಔಷಧವನ್ನು ಗೊಟ್ಟದ ತುಂಬ ಹಾಕಿಬಿಟ್ಟ. ಸಂಜೆಯ ಹೊತ್ತಿಗೆ ಟಗರು ಕಾಲಿಗೆ ಕಾಲು ತೊಡರಿಸಿಕೊಂಡು, ಸಿಂದಿ ಕುಡಿದವರ ಹಾಗೆ ತೂರಾಡಿತು. ಅವನ ಅಪ್ಪ ಬಯ್ಯಲಿಲ್ಲ. “ಮೆಣಸು ಔಷಧದ ಕೈ ಹಿಡದು ಒಳಗ ಕರಕೊಂಡ ಹೋಗ್ತೈತಿ, ತಮ್ಮಾ. ಅದು ಕೂಡಿದ್ರ ಅರ್ಧ ಗೊಟ್ಟ ಸಾಕು,” ಎಂದಿದ್ದ.

ಒಂದೂವರೆ ತಿಂಗಳಿಂದ ಮಾಯವ್ವನಿಗೆ ಕೆಮ್ಮು. ದಿನಾ ಮುಂಜಾನೆ ಒಂದು ಚಮಚ ಮೆಣಸಿನ ಪುಡಿಯನ್ನು ಜೇನಿನಲ್ಲಿ ಕಲಸಿ ಅವನೇ ನೆಕ್ಕಿಸುತ್ತಿದ್ದ. ಗುಳಿಗೆಯೂ ಮೈಗೆ ಚೆನ್ನಾಗಿ ಹತ್ತಲಿ ಎಂದು ಸೊಸೆಯ ಕೈಯಿಂದ ಅದರ ಸಂಗಡವೇ ಕೊಡಿಸುತ್ತಿದ್ದ.

ಮಾಲಿಂಗಪ್ಪ ಕುರಿಗೆ ಔಷಧ ಹಾಕಿ, ಗೊಟ್ಟ ತೊಳೆದು, ಸೊಸೆಯ ಬಳಿ ಹೋದ. ಮೂಡಲಗಿಗೆ ನಾಡಿದ್ದು ಬೇಕಾದರೆ ನಾನೇ ಬಸ್ಸು ಹತ್ತಿಸುತ್ತೇನೆ, ನಾಳೆ ಮಾತ್ರ ನಮ್ಮ ಜೋಡಿ ದವಾಖಾನೆಗೆ ಬಾ ಎಂದ.

ಮರುದಿನ ಎಲ್ಲರ ಎದುರಿಗೆ ಡಾಕ್ಟರಿಗೆ ಚಮಚದ ವಿಷಯ ಹೇಳಿದ, ಟಗರಿನದೂ ಹೇಳಿದ. ನಂದಿನಿ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

“ಅಜ್ಜಾರ, ಮೆಣಸಿನ್ಯಾಗ ಪೈಪರಿನ್ ಅಂತ ಒಂದ ಅಂಶ ಐತ್ರಿ. ಖಾರ ಅದರದ್ದ. ಕೆಲವು ಔಷಧಾನ ಅದು ರಕ್ತಕ್ಕ ಹೆಚ್ಚಿಗಿ ಸೇರಸ್ತೈತಿ, ಲಗೂ ಕರಗಾಕ ಬಿಡೂದಿಲ್ಲ. ಈ ಗುಳಿಗಿನೂ ಅದರಾಗ ಒಂದು.”

ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ, ಸಾರಿನೊಳಗಿನ ಚಿಟಿಕೆ ಮೆಣಸಿಗೆ ಹೆದರಬೇಕಿಲ್ಲ, ದಿನಾ ಚಮಚಗಟ್ಟಲೆ ಬೇಡ ಎಂದರು. ಗುಳಿಗೆಯನ್ನು ಮನೆಯವರೇ ಅರ್ಧ ಮಾಡುವುದಾಗಲಿ ಬಿಡುವುದಾಗಲಿ ಕೂಡದು; ಯಾವತ್ತಿನಿಂದ ಮತ್ತೆ ಶುರು ಮಾಡಬೇಕೆಂದು ರಕ್ತ ನೋಡಿ ತಾವೇ ಹೇಳುವುದಾಗಿ ತಿಳಿಸಿದರು.

“ಕುರಿಗಿ ಅರ್ಧ, ನನಗ ಪೂರಾ,” ಮಾಯವ್ವ ತೊದಲುತ್ತಲೇ ಅಂದಳು. “ನನ್ನ ಮ್ಯಾಲ ಅಷ್ಟು ಜೀವ ನೋಡ್ರಿ ಇವರದು.”

ಅರ್ಚನಾ ಮುಖ ಆಚೆ ತಿರುಗಿಸಿ ನಕ್ಕಳು. ಸಿದ್ರಾಯ ನಗಲಿಲ್ಲ.

ಮನೆಗೆ ಬಂದ ಮೇಲೆ ಮಾಲಿಂಗಪ್ಪ ಮಗನನ್ನು ಕರೆದ. “ತಪ್ಪ ನಂದು, ನಾ ಒಪ್ಪಿದೆ. ಡಬ್ಬಿ ನೀ ಯಾರ ಕೈಯಾಗಿಂದ ತಗೊಂಡಿ, ಅವರ ಕೈಯಾಗ ಕೊಡು.”

ಸಿದ್ರಾಯ ಟ್ರಂಕಿನ ಕೀಲಿ ತೆಗೆದು ಡಬ್ಬಿ ತಂದು ಹೆಂಡತಿಯ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ.

“ಎಣಿಸಿ ಕೊಡ್ರಿ. ಅಮಾಸಿ ಮರುದಿನ ನೀವ ಮೂವತ್ತ ತಂದಿದ್ರಿ. ದಿನಕ್ಕ ಒಂದರಂಗ ಸರಿ ಬರ್ತೈತೇನ ನೋಡ್ರಿ.”

ಅವನು ಕಟ್ಟೆಯ ಮೇಲೆ ಕುಳಿತು ಎಣಿಸಿದ. ಕ್ಯಾಲೆಂಡರ್ ನೋಡಿ ಬಂದು ಮತ್ತೊಮ್ಮೆ ಎಣಿಸಿದ. ಸರಿಯಿತ್ತು. ಮೊದಲ ದಿನವೇ ಎಣಿಸುವುದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮಾಲಿಂಗಪ್ಪ ಅಂದುಕೊಂಡ. ಸರಿ ಐತಿ, ತಪ್ಪ ನನ್ನಿಂದಾತು ಎಂದು ಸಿದ್ರಾಯ ನೆಲ ನೋಡುತ್ತ ಹೇಳಿದ.

ಅರ್ಚನಾ ಡಬ್ಬಿ ತೆಗೆದುಕೊಂಡು ಮಾಡದೊಳಗೆ ಮೊದಲಿನ ಜಾಗದಲ್ಲಿಟ್ಟಳು. ಪಕ್ಕದಲ್ಲಿದ್ದ ಮೆಣಸಿನ ಪುಡಿಯ ಬಾಟಲಿಯನ್ನು ಎತ್ತಿಕೊಂಡು, ಮಾವನ ಕಡೆಗೊಮ್ಮೆ ನೋಡಿ, ಅಡುಗೆಮನೆಗೆ ಹೋದಳು.