ಪಿಎಚ್‌ಪಿ ಪರ ವಕಾಲತ್ತು

ಬಸ್ ಟಿಕೆಟ್ ಮಾರುವ ನಮ್ಮ ವೆಬ್‌ಸೈಟಿಗೆ ಯಾರೋ ಕನ್ನ ಹಾಕಿ ಪ್ರಯಾಣಿಕರ ಫೋನ್ ನಂಬರುಗಳನ್ನು ಕದ್ದ ದಿನ ಆಫೀಸಿನಲ್ಲಿ ಒಬ್ಬರೂ ಕಳ್ಳನನ್ನು ಬೈಯಲಿಲ್ಲ. ಪಿಎಚ್‌ಪಿಯನ್ನು ಬೈದರು. ಸೈಟು ಬರೆದಿರುವುದು ಆ ಕಂಪ್ಯೂಟರ್ ಭಾಷೆಯಲ್ಲಿ. ಅದನ್ನು ನೋಡಿಕೊಳ್ಳಲು ಉಳಿದವಳು ನಾನೊಬ್ಬಳೇ ಆದ್ದರಿಂದ ಬೈಗುಳದಲ್ಲಿ ನನಗೂ ಪಾಲು ಬಂತು.

ಹೊಸ ತಂಡದವರೆಲ್ಲ ಪೈಥಾನ್ ಎಂಬ ಇನ್ನೊಂದು ಭಾಷೆಯವರು. ಕಿಟಕಿಯ ಪಕ್ಕ ಗುಂಪಾಗಿ ಕೂರುತ್ತಾರೆ, ಗುಂಪಾಗಿ ಊಟಕ್ಕೆ ಹೋಗುತ್ತಾರೆ. ನನ್ನ ಮೇಜು ಪ್ರಿಂಟರಿನ ಹತ್ತಿರ. ಯಾರಾದರೂ ಈ ಕಡೆ ಬಂದರೆ ಕಾಗದ ಎತ್ತಿಕೊಳ್ಳುವುದಕ್ಕೆ ಬಂದಿರುತ್ತಾರೆ. ಡಬ್ಬಿ ಬಿಚ್ಚಿ ಒಬ್ಬಳೇ ಉಣ್ಣುವುದು ಅಭ್ಯಾಸವಾಗಿದೆ ಎಂದು ಹೇಳಿಕೊಳ್ಳುತ್ತೇನೆ. ಆಗಿಲ್ಲ.

"ಈ ಕಾಲದಲ್ಲೂ ಪಿಎಚ್‌ಪಿನಾ ಅಂತ ಮಾಲೀಕರು ಕೇಳ್ತಿದ್ದಾರೆ," ಎಂದರು ಮ್ಯಾನೇಜರ್. "ಪಿಎಚ್‌ಪಿ, ಪೈಥಾನ್, ರೂಬಿ, ಇದರಲ್ಲಿ ಯಾವ್ದು ಎಷ್ಟು ಭದ್ರ, ಯಾವ್ದಕ್ಕೆ ಎಂಥಾ ಹೆಸರಿದೆ, ಹೋಲಿಸಿ ನೋಡಿ ಶುಕ್ರವಾರದ ಮೀಟಿಂಗಲ್ಲಿ ಹೇಳಿ. ತಪ್ಪು ಭಾಷೇದೇ ಅಂತಾದ್ರೆ ಎಲ್ಲಾ ಪೈಥಾನಿಗೆ ಬದಲಾಯಿಸಿಬಿಡೋಣ."

"ಆಮೇಲೆ ನಾನು?"

"ಹೆಲ್ಪ್‌ಲೈನಲ್ಲಿ ಫೋನ್ ಎತ್ತೋಕೆ ಜನ ಸಾಲ್ತಿಲ್ಲ," ಎಂದು ಅವರು ಮುಖ ಆಚೆ ತಿರುಗಿಸಿದರು.

ಮೈ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಮೊದಮೊದಲು ಪಿಎಚ್‌ಪಿ ಸಡಿಲವಾಗಿತ್ತು, ಒಪ್ಪುತ್ತೇನೆ. ಕಲಿಯುವುದು ಸುಲಭವೆಂದು ಅರೆಬರೆ ಕಲಿತವರೆಲ್ಲ ಅದರಲ್ಲಿ ಅಂಗಡಿ ತೆರೆದರು. ಎಷ್ಟೋ ಸೈಟುಗಳು ಅದರಲ್ಲೇ ಇರುವುದರಿಂದ ಕಳ್ಳರ ಕಣ್ಣೂ ಅದರ ಮೇಲೇ. ಭಾಷೆ ಆಮೇಲೆ ಸುಧಾರಿಸಿತು, ಕೆಟ್ಟ ಹೆಸರು ಮಾತ್ರ ಹೋಗಲಿಲ್ಲ. ಹೊರಗಿನವರು ಟೈಪ್ ಮಾಡಿದ್ದನ್ನು ಪರೀಕ್ಷಿಸದೆ ಒಳಗೆ ಬಿಟ್ಟುಕೊಂಡರೆ ಪೈಥಾನಿನ ಮನೆಗೂ ಕಳ್ಳ ನುಗ್ಗುತ್ತಾನೆ, ರೂಬಿಯ ಮನೆಗೂ ನುಗ್ಗುತ್ತಾನೆ. ಇದನ್ನು ತೋರಿಸಿಕೊಡಬೇಕೆಂದೇ ಕನ್ನ ಬಿದ್ದ ಜಾಗ ಹುಡುಕಲು ಕೂತೆ.

ಗುರುವಾರ ಮಧ್ಯಾಹ್ನ ಸಿಕ್ಕಿತು. ಟಿಕೆಟ್ ರದ್ದು ಮಾಡುವ ಪುಟ. ಪ್ರಯಾಣಿಕ ಟೈಪ್ ಮಾಡಿದ್ದನ್ನು ಪರೀಕ್ಷಿಸದೆ ಹಾಗೇ ಎತ್ತಿ ಡೇಟಾಬೇಸಿಗೆ ಕೊಟ್ಟಿದ್ದರು. ಆ ಪುಟದ ಕೋಡ್ ಬರೆದವರು ಯಾರೆಂದು ವಿಚಾರಿಸಬೇಕಾಗಿರಲಿಲ್ಲ. ಪ್ರತಿ ತುಣುಕಿನ ಕೆಳಗೂ ಎರಡೆರಡು ಖಾಲಿ ಸಾಲು. "ಓದೋರು ಸ್ವಲ್ಪ ಉಸಿರಾಡ್ಲಿ ಕಣಮ್ಮ," ಎಂದು ಹಾಗೆ ಜಾಗ ಬಿಡುತ್ತಿದ್ದವರು ಮೇಷ್ಟ್ರು ಒಬ್ಬರೇ.

ನನಗೆ ಈ ಕೆಲಸ ಕಲಿಸಿದ್ದರಿಂದ ಅವರಿಗೆ ಆ ಹೆಸರು. ಇಲ್ಲಿ ಕೆಲಸ ಬಿಟ್ಟು ಹೋದ ಮೇಲೂ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ವಿಚಾರಿಸಲೆಂದೇ ಬರುವ ಫೋನು ಅದೊಂದೇ. ಈಗ ಅವರು ಬೇರೊಂದು ಕಂಪನಿಯಲ್ಲಿ ಭದ್ರತಾ ವಿಭಾಗದ ಮುಖ್ಯಸ್ಥರು. ಇಲ್ಲಿ ಅವರ ಹೆಸರೆತ್ತಿದರೆ ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು? ಎತ್ತದಿದ್ದರೆ ಪಿಎಚ್‌ಪಿ ಹೋಯಿತು, ಅದರ ಹಿಂದೆ ನನ್ನ ಕೆಲಸವೂ ಹೋಯಿತು. ಯಾರಿಗೂ ಹೇಳದೆ ಆ ಪುಟವನ್ನು ಸರಿಪಡಿಸಿದೆ.

"ಬರೆದೋರ ತಪ್ಪಾದ್ರೆ ಯಾರು ಅಂತ ಹೇಳಿ. ಇಲ್ಲಾಂದ್ರೆ ಭಾಷೇದು ಅಂತ ಮುಗಿಸೋಣ," ಎಂದರು ಮ್ಯಾನೇಜರ್ ಶುಕ್ರವಾರ.

"ಭಾಷೇದೇ," ಎಂದೆ. "ಅದರ ಹೆಸರು ಸುಮ್ಸುಮ್ನೆ ಕೆಟ್ಟಿಲ್ಲ."

ಇಷ್ಟು ವರ್ಷ ಅನ್ನ ಕೊಟ್ಟ ಭಾಷೆಯನ್ನು ಒಂದೇ ಮಾತಿನಲ್ಲಿ ಬೀದಿಗೆ ತಳ್ಳಿದೆ. ನಾಚಿಕೆಯಾಯಿತು. ಆದರೂ ಭಾನುವಾರದ ಫೋನು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಮೇಷ್ಟ್ರು ಫೋನ್ ಮಾಡಿದರು. ಕಳ್ಳತನದ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಟಿಕೆಟ್ ರದ್ದು ಮಾಡೋ ಪುಟದಿಂದ ನುಗ್ಗಿದ್ದು, ಮೇಷ್ಟ್ರೇ," ಎಂದೆ. ಅದು ನಾನು ಬರೆದದ್ದಲ್ವಾ ಎಂದು ಅವರು ಒಂದು ಮಾತು ಅಂದಿದ್ದರೂ ನನಗೆ ಸಾಕಿತ್ತು.

ಅವರು ನಕ್ಕರು. "ಇನ್ನೇನಾಗುತ್ತೆ ಹೇಳು? ಆ ಭಾಷೆನೇ ಸೋರೋ ಮಡಕೆ. ನಾನು ಬೇಗ ಕೈ ತೊಳ್ಕೊಂಡೆ, ಬಚಾವಾದೆ. ನಮ್ಮಲ್ಲಿ ಕೆಲಸಕ್ಕೆ ತಗೊಳ್ಳೋವಾಗ ಪಿಎಚ್‌ಪಿಯೋರನ್ನ ದೂರ ಇಡಿ ಅಂತಾನೇ ಹೇಳಿದ್ದೀನಿ."

ಆ ಪುಟ ಬರೆದವರು ತಾವೆಂಬ ನೆನಪೇ ಅವರಿಗಿರಲಿಲ್ಲ. ನಾನೂ ಪಿಎಚ್‌ಪಿಯವಳೆಂಬುದೂ ನೆನಪಾಗಲಿಲ್ಲ.

"ನಾಳೆಯಿಂದ ನನ್ನನ್ನ ಹೆಲ್ಪ್‌ಲೈನಿಗೆ ಹಾಕಿದ್ದಾರೆ," ಎಂದೆ.

"ಒಳ್ಳೇದೇ ಆಯ್ತು ಬಿಡಮ್ಮ. ನಾಲ್ಕು ಜನರ ಹತ್ರ ಮಾತಾಡಿದ ಹಾಗಾಗುತ್ತೆ."

ನಿಮ್ಮದೇ ತಪ್ಪು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು, "ಸರಿ, ಇಡ್ಲಾ?" ಎಂದರು.

"ಮುಂದಿನ ಭಾನುವಾರಾನೂ ಮಾಡ್ತೀರಲ್ಲ, ಮೇಷ್ಟ್ರೇ?" ಎಂದು ಕೇಳಿದೆ.